ಅಪ್ಪ ಕೇಳಿದ ಹಾರ್ನ್

ಬೆಸುಗೆಯ ಹೊಗೆ ಮೂಗಿಗೆ ತಾಕಿದರೆ ಈಗಲೂ ನನಗೆ ಕಲ್ಯಾಣದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಗೂಡ್ಸ್ ರೈಲಿನ ಚಾಲಕರಾಗಿದ್ದರು. ಹಳಿ ದಾಟುತ್ತಿದ್ದ ಒಬ್ಬರು ಅವರ ಇಂಜಿನ್ನಿಗೆ ಸಿಕ್ಕಿ ಸತ್ತ ಮೇಲೆ ಮೂರು ವಾರ ಮನೆಯಲ್ಲೇ ಇದ್ದರು, ಮಾತು ಬಿಟ್ಟಿದ್ದರು. ಅವರೇ ಪ್ರೀತಿಯಿಂದ ಜೋಡಿಸಿದ್ದ ಡೀಸೆಲ್ ರೈಲು ಇಂಜಿನ್ನಿನ ಪುಟ್ಟ ಮಾದರಿ ಕಪಾಟಿನಲ್ಲಿ ಧೂಳು ಹಿಡಿದಿತ್ತು. ಅವರನ್ನು ಮಾತಿಗೆಳೆಯಲೆಂದು ಚಿಕ್ಕಪ್ಪ ಸಾನಪಾಡಾದಿಂದ ಬಂದು, ಅದರೊಳಗೆ ಸದ್ದು ಹೊರಡಿಸುವ ಚಿಪ್ ಒಂದನ್ನೂ ಉಗುರಿನಷ್ಟು ದೊಡ್ಡ ಸ್ಪೀಕರನ್ನೂ ಬೆಸೆದರು. ಅಪ್ಪ ಒಳಗೆ ಮಲಗಿದ್ದರು.

“ಹಾರ್ನ್ ಮಾತ್ರ ಬೇಡ ಮಾರಾಯ, ಇಂಜಿನ್ ಸದ್ದು ಸಾಕು,” ಎಂದು ಅಮ್ಮ ಪಿಸುಗುಟ್ಟಿದರು.

ಚಿಕ್ಕಪ್ಪ ತಲೆಯಾಡಿಸಿದರು. ಆದರೆ ಚಿಪ್‌ನಲ್ಲಿ ಹಾರ್ನ್ ಇನ್ನೂ ಇತ್ತು, ಇಂಜಿನ್ ಓಡಿಸುವ ಕಂಟ್ರೋಲರ್ ಎಂಟು ವರ್ಷದವಳಾದ ನನ್ನ ಕೈಯಲ್ಲಿತ್ತು. ತಿಳಿಯದೆ ಯಾವುದೋ ಗುಂಡಿ ಒತ್ತಿದೆ. ಹಾರ್ನ್ ಕೂಗಿತು.

ಒಳಗೆ ಮಂಚ ಕಿರುಗುಟ್ಟಿತು. ಅಪ್ಪ ಬಾಗಿಲಿಗೆ ಬಂದು ನಿಂತರು. ಬನಿಯನ್ ಬೆವರಿಗೆ ಮೈಗಂಟಿತ್ತು. ಅಮ್ಮ ನನ್ನನ್ನು ಹಿಂದಕ್ಕೆಳೆದುಕೊಂಡರು.

“ಅಣ್ಣಾ, ಈಗಲೇ ತೆಗೆದುಬಿಡ್ತೇನೆ,” ಎಂದರು ಚಿಕ್ಕಪ್ಪ.

ಅಪ್ಪ ಇಂಜಿನ್ನಿನ ಎದುರು ಕುಕ್ಕರಗಾಲಿನಲ್ಲಿ ಕುಳಿತರು. “ಇಷ್ಟು ಗಿಡ್ಡ ಅಲ್ಲ. ಅವತ್ತು ನಾನು ಉದ್ದಕ್ಕೆ ಬಾರಿಸಿದ್ದೆ. ತುಂಬಾ ಉದ್ದಕ್ಕೆ.”

ಚಿಕ್ಕಪ್ಪ ಲ್ಯಾಪ್‌ಟಾಪಿನಲ್ಲಿ ಹಾರ್ನನ್ನು ಉದ್ದ ಮಾಡುತ್ತ ಹೋದರು. ಪ್ರತಿ ಸಲವೂ ಗುಂಡಿ ಒತ್ತಿ ಅಪ್ಪ “ಇನ್ನೂ” ಎನ್ನುತ್ತಿದ್ದರು. ಐದನೇ ಸಲ ಅದು ನಿಲ್ಲುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ಕೂಗಿತು.

ಅಪ್ಪ ಅಮ್ಮನ ಕಡೆ ತಿರುಗಿದರು. “ಕೇಳಿತಲ್ಲ ನಿನಗೆ?”

“ಕೇಳಿತು,” ಎಂದರು ಅಮ್ಮ.

ಆಗ ಅಪ್ಪ ಗೋಡೆಗೊರಗಿ, ನಮ್ಮೆಲ್ಲರ ಎದುರಿಗೇ ಅತ್ತುಬಿಟ್ಟರು.