ಓದಬಾರದವನು

"ಅವರು ತೀರಿಕೊಂಡು ಎರಡು ವರ್ಷ ಆಯ್ತು. ಈಗ ಬಂದು ಸಹಿ ಕೇಳ್ತೀರಲ್ಲ," ಎಂದಳು ಜೆರಾಕ್ಸ್ ಅಂಗಡಿಯಾಕೆ, ಯಾರದೋ ಅಂಕಪಟ್ಟಿಯನ್ನು ಗಾಜಿನ ಮೇಲೆ ಮಗುಚಿ ಹಾಕುತ್ತ.

"ಅವರದಲ್ಲ ಮೇಡಂ, ನಿಮ್ಮ ಸಹಿ ಬೇಕು. ನಿಮ್ಮ ಯಜಮಾನ್ರು ಬರೆದದ್ದು ಈಗ ನಿಮಗೆ ಸೇರುತ್ತೆ."

"ಏನು ಬರೆದಿದ್ರು? ಸಾಮಾನಿನ ಚೀಟಿ ಬರೀರಿ ಅಂದ್ರೂ ಅರ್ಧಕ್ಕೆ ಎದ್ದು ಹೋಗೋರು."

ಬಂದವನು ಲೋಹ ಕೊರೆಯುವ ಯಂತ್ರಗಳನ್ನು ನಡೆಸುವ ತಂತ್ರಾಂಶವೊಂದರ ಮೇಲ್ವಿಚಾರಕ. ನಾನಾ ಊರಿನ ಜನ ಬಿಡುವು ಮಾಡಿಕೊಂಡು ಬರೆದದ್ದು ಅದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ತಿದ್ದಿ ಮಾರಿದವರು ತಿದ್ದಿದ್ದನ್ನು ಮುಚ್ಚಿಡುವಂತಿಲ್ಲ, ಅದೊಂದೇ ಷರತ್ತು. ಆ ಷರತ್ತನ್ನು ಕಿತ್ತುಹಾಕಿದರೆ ಹಣ ಕೊಡುತ್ತೇವೆಂದು ಯಂತ್ರ ತಯಾರಿಸುವ ಕಂಪನಿಯೊಂದು ಮುಂದೆ ಬಂದಿತ್ತು. ಬೇಡವೆನ್ನುವ ಸ್ಥಿತಿಯಲ್ಲಿ ಗುಂಪು ಇರಲಿಲ್ಲ. ಸುರಕ್ಷತೆಯ ಪ್ರಮಾಣಪತ್ರವಿಲ್ಲದ ತಂತ್ರಾಂಶವನ್ನು ದೊಡ್ಡ ಕಾರ್ಖಾನೆಗಳು ಹೊಸಿಲು ದಾಟಗೊಡುತ್ತಿರಲಿಲ್ಲ. ಪ್ರಮಾಣಪತ್ರದ ಮಾತಿರಲಿ, ಅದಕ್ಕೆ ಪಾಲಿಸಬೇಕಾದ ಮಾನದಂಡದ ಪುಸ್ತಕ ಕೊಳ್ಳುವುದಕ್ಕೂ ಅವರ ಹತ್ತಿರ ಕಾಸಿರಲಿಲ್ಲ. ಪುಕ್ಕಟೆ ತಂತ್ರಾಂಶದ ನಿಯಮಗಳು ಪುಕ್ಕಟೆ ಸಿಗುವುದಿಲ್ಲ. ಮೇಲ್ವಿಚಾರಕನ ಮನೆ ಆಗಲೇ ಹೆಂಡತಿಯ ಸಂಬಳದಲ್ಲಿ ನಡೆಯುತ್ತಿತ್ತು. ಷರತ್ತು ಬದಲಾಗಬೇಕಾದರೆ ಬರೆದವರೆಲ್ಲರ ಒಪ್ಪಿಗೆ ಬೇಕು. ಬದುಕಿದ್ದವರೆಲ್ಲ ಒಪ್ಪಿಯಾಗಿತ್ತು. ಷರತ್ತು, ಕಂಪನಿ ಎಲ್ಲವನ್ನೂ ಅವನು ಅಂಗಡಿಯಾಕೆಗೆ ಬಿಡಿಸಿ ಹೇಳಿದ.

"ನಾನು ಒಪ್ಪದೇ ಹೋದ್ರೆ?"

"ತಂತ್ರಾಂಶದಲ್ಲಿ ಅವರು ಬರೆದ ನಲವತ್ತು ಸಾಲು ತೆಗೆದುಹಾಕಿ ಹೊಸದಾಗಿ ಬರೀಬೇಕು. ಅದೂ, ಆ ಸಾಲುಗಳನ್ನ ಒಂದು ಸಲನೂ ಓದದೇ ಇರೋರೇ ಬರೀಬೇಕು. ಓದಿದೋರು ಬರೆದ್ರೆ ಅದು ನಕಲು ಅಂತಾರೆ ಕಂಪನಿ ವಕೀಲರು."

"ಓದದೇ ಇರೋರು ಇದಾರಾ?"

"ಇದಾನೆ ಒಬ್ಬ," ಎಂದು ಮೇಲ್ವಿಚಾರಕ ಗಾಜಿನ ಬಾಗಿಲಿನ ಕಡೆ ಕೈ ತೋರಿಸಿದ.

ಹೊರಗೆ ಬೆಂಚಿನ ಮೇಲೆ, ಅಂಗಡಿಗೆ ಬೆನ್ನು ಹಾಕಿ ಕುಳಿತವನು ಅವನ ಭಾವಮೈದ. ಕೆಲಸದಲ್ಲಿ ಗಟ್ಟಿಗ. ಆದರೆ ಗುಂಪು ಅವನನ್ನು ಸೇರಿಸಿಕೊಂಡದ್ದು ಅವನಿಗೆ ಗೊತ್ತಿದ್ದದ್ದಕ್ಕಲ್ಲ, ಗೊತ್ತಿಲ್ಲದ್ದಕ್ಕೆ. ಆ ನಲವತ್ತು ಸಾಲು ಅವನ ಕಣ್ಣಿಗೆ ಬೀಳದಂತೆ ಎಲ್ಲರೂ ಕಾಪಾಡಿಕೊಂಡು ಬಂದಿದ್ದರು. ಊಟಕ್ಕೆ ಕುಳಿತಾಗಲೂ ಅವನೆದುರು ಯಾರೂ ಆ ಮಾತೆತ್ತುತ್ತಿರಲಿಲ್ಲ. ಇಂಥವನನ್ನು ಇವತ್ತು ಮನೆಯಲ್ಲೇ ಬಿಟ್ಟು ಬರಬೇಕಿತ್ತು. ಆದರೆ ಊರೂರಿನ ಯಂತ್ರಗಳನ್ನು ನಡೆಸುವ ಮೇಲ್ವಿಚಾರಕನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

"ಏನು ಮಾಡುತ್ತೆ ಅದು, ಆ ನಲವತ್ತು ಸಾಲು?"

"ಲೋಹ ಕೊರೆಯೋ ಕಟರ್ ಮೂಲೆಗೆ ಬರೋ ಮುಂಚೆನೇ ತಾನಾಗೇ ನಿಧಾನ ಆಗುತ್ತೆ. ಅದಿಲ್ಲದಿದ್ರೆ ಮೂಲೆ ಕಿತ್ತುಹೋಗುತ್ತೆ, ಕಟರ್ರೂ ಮುರಿಯುತ್ತೆ."

"ದಿನಾ ಸಂಜೆ ಕಂಪ್ಯೂಟರ್ ಮುಂದೆ ಕೂತಿರೋರು. ಏನ್ರೀ ಅದು ಅಂದ್ರೆ ಏನಿಲ್ಲ ಕಣೇ ಅನ್ನೋರು. ಇದಾ?" ಅವಳ ಕೈ ಜೆರಾಕ್ಸ್ ಯಂತ್ರದ ಮುಚ್ಚಳದ ಮೇಲೇ ನಿಂತಿತು. "ಅದರ ಒರಿಜಿನಲ್ ಯಾರ ಹತ್ರ ಇದೆ?"

"ಎಲ್ಲರ ಹತ್ರನೂ ಇರೋದು ಒರಿಜಿನಲ್ಲೇ ಮೇಡಂ."

ನಕಲು ತೆಗೆದೇ ಬದುಕು ನಡೆಸಿದ ಅಂಗಡಿಯಾಕೆಗೆ ಈ ಮಾತು ಹಿಡಿಸಲಿಲ್ಲ. ಊರಿನವರಿಗೆಲ್ಲ ಸಿಕ್ಕಿದ್ದು ತನಗೊಬ್ಬಳಿಗೆ ಸಿಗಲಿಲ್ಲವೆಂದು ಅವಳಿಗೆ ಅಳು ಬಂತು, ಅಳುವ ಬದಲು ಸಿಟ್ಟು ಮಾಡಿಕೊಂಡಳು. "ಅಂಗಡಿ ನಂಬರ್‌ಗೆ ಕಳಿಸಿ. ಮೊದಲು ನಾನು ನೋಡಬೇಕು."

ಸಹಿ ಬಿದ್ದಂತೆಯೇ ಎಂದುಕೊಂಡು ಮೇಲ್ವಿಚಾರಕ ಲಗುಬಗೆಯಿಂದ ಕಳಿಸಿದ. ಅವಳು ಅದನ್ನು ಇದ್ದುದರಲ್ಲೇ ದೊಡ್ಡ ಹಾಳೆಯ ಮೇಲೆ, ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದಳು. ಕನ್ನಡಕ ಏರಿಸಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟುಕೊಂಡು ನೋಡಿದಳು. ತಲೆಬುಡ ತಿಳಿಯಲಿಲ್ಲ.

"ಅಷ್ಟೂ ಅವರದೇನಾ?"

"ಒಂದಕ್ಷರ ಬದಲಾಗಿಲ್ಲ."

"ಚೆನ್ನಾಗಿದೆಯಾ?"

"ಕೆಲಸ ಮಾಡುತ್ತೆ," ಎಂದ ಮೇಲ್ವಿಚಾರಕ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅಂಗಡಿಯಾಕೆಗೆ ಅದು ಸಾಲಲಿಲ್ಲ.

"ನಾನು ಸಹಿ ಹಾಕಲ್ಲ. ಮುಚ್ಚಿಡೋ ಕಂಪನಿಗೆ ಕೊಡೋಕೆ ಇದೇ ಬೇಕಿತ್ತಾ? ನಾಲ್ಕು ಜನ ನೋಡಲಿ ಇದನ್ನ," ಎಂದವಳೇ ಬಾಗಿಲಿಗೆ ಅಂಟಿಸಿದ್ದ 'ಬಣ್ಣದ ಪ್ರತಿ ದೊರೆಯುತ್ತದೆ' ಎಂಬ ಹಾಳೆಯನ್ನು ಕಿತ್ತು, ಅದೇ ಜಾಗದಲ್ಲಿ ಇದನ್ನು ರಸ್ತೆಗೆ ಮುಖ ಮಾಡಿ ಅಂಟಿಸಿದಳು. ನಾಲ್ಕೂ ಮೂಲೆಗೆ ಟೇಪು ಹಾಕಿ ಅಂಗೈಯಿಂದ ಒತ್ತಿದಳು.

ಮೇಲ್ವಿಚಾರಕ ಬೇಜಾರು ಮಾಡಿಕೊಳ್ಳಲಿಲ್ಲ. ಒಪ್ಪಿಗೆಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಹೇಗೂ ಎರಡನೆಯ ದಾರಿ ಹೊರಗೆ ಬೆಂಚಿನ ಮೇಲೆ ಕೂತಿದೆಯಲ್ಲ ಎಂದು ತಲೆಯೆತ್ತಿದರೆ, ಬೆಂಚು ಖಾಲಿಯಿತ್ತು.

ಭಾವಮೈದ ಬಾಗಿಲಿನ ಆಚೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಮೇಲ್ವಿಚಾರಕ ಒಳಗಿನಿಂದ ಗಾಜು ಬಡಿದ, ಕಣ್ಣು ಮುಚ್ಚಿಕೋ ಎಂದು ಕೈಸನ್ನೆ ಮಾಡಿದ. ಅವನು ಹಾಳೆಯಿಂದ ಕಣ್ಣು ತೆಗೆಯದೆ, ಒಂದು ನಿಮಿಷ ತಡಿ ಎಂಬಂತೆ ಬೆರಳೆತ್ತಿ ತೋರಿಸಿದ. ಕೊನೆಯ ಸಾಲು ಮುಗಿಸಿಯೇ ಬಾಗಿಲು ತಳ್ಳಿಕೊಂಡು ಬಂದ.

"ಭಾವಾ, ಯಾರು ಬರೆದಿದ್ದು ಇದು? ಎಂಥಾ ಕೈ ರೀ! ನಾನು ತಲೆಕೆಳಗಾಗಿ ನಿಂತ್ರೂ ಇದನ್ನ ಬೇರೆ ಥರ ಬರೆಯೋಕಾಗಲ್ಲ."

ಮೇಲ್ವಿಚಾರಕ ಕುಸಿದು ಕೂರಲು ಕುರ್ಚಿಗಾಗಿ ಹಿಂದೆ ಕೈಚಾಚಿದ. ಅಂಗಡಿಯಾಕೆ ಆ ಕುರ್ಚಿಯನ್ನು ಆಗಲೇ ಎಳೆದು ಭಾವಮೈದನ ಮುಂದೆ ಹಾಕಿದ್ದಳು.

"ಕೂತ್ಕೊಳಪ್ಪಾ," ಎಂದಳು. "ಮೊದಲಿಂದ ಒಂದು ಸಲ ಜೋರಾಗಿ ಓದು."