ಬೆನ್ನ ಹಿಂದೆ ಅತ್ತೆ

ಬಸ್ಸು ಕೃಷ್ಣಾ ನದಿಯ ಸೇತುವೆ ಏರುವಾಗ ಶೀತಲ ತಿರುಗಿ ನೋಡಿದಳು. ಹಿಂದಿನ ಬಾಗಿಲ ಹತ್ತಿರ, ಕಂಬ ಹಿಡಿದು ನಿಂತ ಹೆಂಗಸರ ನಡುವೆ ಅವಳ ಅತ್ತೆ ಶಿವಗಂಗವ್ವ ಇದ್ದಳು.

ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ಆದರೂ ಆ ಹಸಿರು ಇಳಕಲ್ ಸೀರೆಯ ಗುರುತು ಹೇಗೆ ತಪ್ಪೀತು? ನಿನ್ನೆ ಸಂಜೆ ಅದನ್ನು ಮಡಚಿಟ್ಟವಳು ಶೀತಲಳೇ.

ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗುತ್ತೇನೆ ಎಂದಿದ್ದಳು ಅತ್ತೆ. ಶಿರಗುಪ್ಪಿಯಿಂದ ಚಿಕ್ಕೋಡಿಗೆ ಹೋಗುವ ಬಸ್ಸು ಮಂಗಸೂಳಿಯ ದಾರಿಯನ್ನೇ ತುಳಿಯುವುದಿಲ್ಲ.

ಶೀತಲ ಹೇಳಿದ್ದೂ ಸುಳ್ಳೇ. ಹಲ್ಲುನೋವು, ಚಿಕ್ಕೋಡಿಯ ಡಾಕ್ಟರಿಗೆ ತೋರಿಸಬೇಕು ಎಂದಿದ್ದಳು.

"ಇವತ್ತ ಹೋಗಬೇಕಂತ ಏನೈತಿ? ನಾಳಿಗಿ ಹೋಗ," ಎಂದು ಅತ್ತೆ ತಡೆದಿದ್ದಳು.

"ಭಾಳ ಬ್ಯಾನಿ ಆಗಾಕತ್ತೇತ್ರಿ."

"ಯಾವ ಬಸ್ಸಿಗೆ ಹೋಗ್ತಿ?"

"ಒಂಬತ್ತರ ಬಸ್ಸಿಗ್ರಿ."

ಎಂದೂ ಕೇಳದವಳು ಇವತ್ತೇಕೆ ಬಸ್ಸು ಕೇಳಿದಳು? ಅನುಮಾನ ಬಂದದ್ದೇ ಶೀತಲ ಒಂಬತ್ತರ ಬಸ್ಸನ್ನು ಬಿಟ್ಟು, ಕೊಟ್ಟಿಗೆಯ ಹಿಂದಿನಿಂದ ಹಾದುಬಂದು ಅದಕ್ಕಿಂತ ಮೊದಲಿನದನ್ನು ಹತ್ತಿದ್ದಳು. ಅತ್ತೆಯೂ ಅದನ್ನೇ ಹತ್ತಿದ್ದಳು.

ಶೀತಲ ದೂರಶಿಕ್ಷಣದಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಸ್ನಾತಕೋತ್ತರ ಪದವಿ ಓದುತ್ತಿದ್ದಳು. ಅದು ಗೊತ್ತಿದ್ದದ್ದು ಗಂಡ ಶಿವರಾಜನೊಬ್ಬನಿಗೆ. ರೊಟ್ಟಿ ಬಡಿಯುವಾಗ ಸೆರಗಿನ ಒಳಗೆ ಇಯರ್‌ಫೋನ್ ಇಟ್ಟುಕೊಂಡು ಪಾಠ ಕೇಳಿದ್ದಳು. ಲೆಕ್ಕಗಳನ್ನು ಕಬ್ಬಿನ ಹೊಲದ ನೆರಳಲ್ಲಿ ಕೂತು ಬಿಡಿಸಿದ್ದಳು. ಇವತ್ತು ಮೊದಲ ಪರೀಕ್ಷೆ.

ಮಾವ ವಿರುಪಾಕ್ಷಪ್ಪನಿಗೆ ಗೊತ್ತಾದರೆ ಏನಾಗುತ್ತದೆ ಎಂದು ಅವಳು ಊಹಿಸಬೇಕಾಗಿರಲಿಲ್ಲ. ನೋಡಿಯೇ ಇದ್ದಳು. ಹಿರಿಯ ಸೊಸೆ ಸೀಮಾ ಹೇಳದೆ ಕೇಳದೆ ಕಾಗವಾಡದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು ಹೊರಬಿದ್ದ ದಿನ ವಿರುಪಾಕ್ಷಪ್ಪ ಕೂಗಾಡಲಿಲ್ಲ. ಊಟ ಮುಗಿಸಿದ. ಕೈ ತೊಳೆದ. "ಈಕಿನ್ನ ತವರಿಗೆ ಬಿಟ್ಟ ಬರ್ರಿ. ಕೂಸ ಇಲ್ಲೇ ಇರಲಿ," ಎಂದ.

ಶಿವಗಂಗವ್ವ ಅಡ್ಡ ಬರಲಿಲ್ಲ. ಒಲೆ ಊದುತ್ತಾ, "ಎಷ್ಟ ಕಲತ್ರೂ ಕಡೀಕ ಒಲಿ ಮುಂದನ ಬರೂದ," ಎಂದಳು. ಸೀಮಾ ಇನ್ನೂ ತವರಿನಲ್ಲೇ ಇದ್ದಾಳೆ. ಕೂಸು ಈಗ ಅವ್ವ ಎಂದು ಅಳುವುದನ್ನೂ ಬಿಟ್ಟಿದೆ.

ಶೀತಲಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಒಳಗೆ, ಗಂಡನಿಗೂ ಇನ್ನೂ ಹೇಳದ ಒಂದು ಜೀವವಿತ್ತು.

ಬಾಯಿಗೆ ಸೆರಗು ಅಡ್ಡ ಹಿಡಿದು ಶಿವರಾಜನಿಗೆ ಫೋನ್ ಮಾಡಿದಳು.

"ಅತ್ತಿ ಇದ ಬಸ್ಸಿನ್ಯಾಗ ಅದಾರ್ರಿ."

"ಅವ್ವ? ಆಕಿ ಮಂಗಸೂಳಿಗೆ ಹೋಗ್ಯಾಳಲ್ಲ?"

"ಇಲ್ರಿ. ನನ್ನ ಹಿಂದ ನಿಂತಾರ."

"ಹಂಗಾರ ಅಪ್ಪಗ ಗೊತ್ತಾಗೇತಿ," ಎಂದ ಶಿವರಾಜ. ಅವನ ದನಿ ಸಣ್ಣದಾಗಿತ್ತು. "ತಿರಗಿ ಬಂದಬಿಡ, ಶೀತಲ."

ಚಿಕ್ಕೋಡಿಯಲ್ಲಿ ಅವಳು ಮುಂದಿನ ಬಾಗಿಲಿನಿಂದ ಇಳಿದು ಎದುರಿಗೆ ಕಂಡ ಬಳೆ ಅಂಗಡಿ ಹೊಕ್ಕಳು. ಬಳೆಗಾರ ಕೈ ಚಾಚಿರಿ ಎಂದ. ಅವಳು ಕೈ ಚಾಚಿದಳು. ಅಂಗಡಿಯ ಕನ್ನಡಿಯಲ್ಲಿ ರಸ್ತೆ ಕಾಣುತ್ತಿತ್ತು. ಆಚೆ ಬದಿಯ ಹಣ್ಣಿನ ಗಾಡಿಯ ಮುಂದೆ ಅತ್ತೆ ನಿಂತಿದ್ದಳು. ದಾಳಿಂಬೆಯೊಂದನ್ನು ಕೈಯಲ್ಲಿ ಹಿಡಿದಿದ್ದಳು, ಕೊಳ್ಳುತ್ತಿರಲಿಲ್ಲ. ಅತ್ತ ಇತ್ತ ಕತ್ತು ಹೊರಳಿಸಿ ಹುಡುಕುತ್ತಿದ್ದಳು.

ಕನ್ನಡಿಯೊಳಗೆ ಇಬ್ಬರ ಕಣ್ಣೂ ಕೂಡಿದವು.

ಅತ್ತೆ ಕೂಗಲಿಲ್ಲ, ಹತ್ತಿರ ಬರಲೂ ಇಲ್ಲ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಅಷ್ಟು ಸಿಟ್ಟಾದ ಅತ್ತೆಯನ್ನು ಶೀತಲ ಎಂದೂ ನೋಡಿರಲಿಲ್ಲ.

ಅಂಗಡಿಗೆ ಹಿಂದೊಂದು ಬಾಗಿಲಿತ್ತು. ಶೀತಲ ಅದರಿಂದ ಹೊರಬಿದ್ದು ಓಣಿಯಿಂದ ಓಣಿಗೆ ತಿರುಗಿದಳು. ಒಂದು ಮನೆಯ ಕಟ್ಟೆಯ ಮೇಲೆ ಕುಸಿದು ಕೂತಳು. ಮನೆಗೆ ಹೋದರೆ ಮಾವ ಊಟ ಮುಗಿಸಿ ಕೈ ತೊಳೆಯುತ್ತಾನೆ. ಪರೀಕ್ಷೆ ಬರೆದು ಹೋದರೂ ಅಷ್ಟೇ. ಹೇಗೂ ಸಿಕ್ಕಿಬಿದ್ದಾಯಿತು, ಬರೆದೇ ಹೋಗೋಣ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಆದರೂ ಎದ್ದಳು. ಹಿಂದೆ ಯಾರೂ ಬರುತ್ತಿರಲಿಲ್ಲ.

ಕಾಲೇಜಿನ ಗೇಟು ದಾಟಿದಾಗ ಗಂಟೆ ಹೊಡೆಯಿತು. ಮೆಟ್ಟಿಲು ಹತ್ತಿ, ಉದ್ದನೆಯ ವರಾಂಡದ ಕೊನೆಗೆ ತಿರುಗಿದಳು.

ಅವಳ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ, ಗೋಡೆಗೆ ಒರಗಿ, ಏದುಸಿರು ಬಿಡುತ್ತಾ ಶಿವಗಂಗವ್ವ ನಿಂತಿದ್ದಳು.

ಕೋಣೆ ಯಾವುದೆನ್ನುವುದೂ ಇವಳಿಗೆ ಗೊತ್ತು! ಶೀತಲ ಅಲ್ಲೇ ನಿಂತುಬಿಟ್ಟಳು. ಹಾಲ್ ಟಿಕೆಟ್ ಇದ್ದ ಚೀಲವನ್ನು ಎದೆಗೆ ಒತ್ತಿಕೊಂಡಳು. ಓಡಲು ಜಾಗವಿರಲಿಲ್ಲ. ಅತ್ತೆ ಎರಡು ಹೆಜ್ಜೆ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದಳು. ಆ ಕೈ ತಣ್ಣಗಿತ್ತು, ಬೆವರಿತ್ತು.

ಒಳಗಿನಿಂದ ಮೇಲ್ವಿಚಾರಕ ಶ್ರೇಣಿಕ ಸರ್ ಇಣುಕಿದರು. "ಲಗೂ ಬಾ ತಂಗಿ, ಪೇಪರ್ ಕೊಡಾಕತ್ತೀವಿ. ಅವ್ವಾರ, ಜೋಡಿ ಬಂದವರು ಹೊರಗ ನಿಂದರಬೇಕ್ರಿ."

"ಈಕೀನ ಹೊರಗ ನಿಂದರಸ್ರಿ," ಎಂದಳು ಶಿವಗಂಗವ್ವ.

ಮುಗಿಯಿತು. ಶೀತಲ ಕಣ್ಣು ಮುಚ್ಚಿಕೊಂಡಳು. ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಕಾಗದ ಸರಪರ ಎಂದಿತು. ಕಣ್ಣು ತೆರೆದಾಗ ಸರ್ ಇನ್ನೊಂದು ಹಾಲ್ ಟಿಕೆಟ್ ಹಿಡಿದು, ಅದರ ಮೇಲಿನ ಫೋಟೋವನ್ನೂ ಅತ್ತೆಯ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿದ್ದರು.

ಶಿವಗಂಗವ್ವ ಸೊಸೆಯ ಕಡೆ ತಿರುಗಿದಳು.

"ಖರೇ ಹೇಳವ್ವ, ನನ್ನ ಬೆನ್ನ ಹತ್ತಾಕ ನಿಮ್ಮ ಮಾವಾರ ನಿನ್ನ ಕಳಿಸ್ಯಾರೇನ?"