ಫಕೀರವ್ವನಿಗೆ ಬಂದ ಹನ್ನೆರಡನೇ ವಿಧಿ

ನಲವತ್ತೊಂದು ದೇಶಗಳ ಒಕ್ಕೂಟಕ್ಕೆ ಒಂದೇ ಸಂವಿಧಾನ. ಚೀಟಿ ಎತ್ತಿ ಆರಿಸಿದ ಒಬ್ಬರಿಗೆ ಅದರ ಅರ್ಥ ತಿಳಿಯುವವರೆಗೆ ಯಾವ ವಿಧಿಯೂ ಜಾರಿಯಾಗುವಂತಿಲ್ಲ. ಹನ್ನೆರಡನೆಯದರ ಚೀಟಿ ಗದಗಿನ ಇಸ್ತ್ರಿ ಅಂಗಡಿಯ ಫಕೀರವ್ವನಿಗೆ ಬಂದಿತ್ತು.

"ನಿವಾಸೇತರ ಪ್ರಜೆಗಳ ಪೋಷಣಾರ್ಹತೆಯು..." ಪರದೆಯ ಮೇಲೆ ಮಹಾಸಭೆಯ ಅಧ್ಯಕ್ಷೆ ಆರನೇ ಸಲ ಓದಿದರು.

"ತಿಳೀವಲ್ದ್ರೀ" ಎಂದಳು ಫಕೀರವ್ವ, ಅಂಗಿಯ ಕಾಲರ್ ಒತ್ತುತ್ತ.

ಸಭೆ ಮತ್ತೆ ಬರೆಯಲು ಕೂತಿತು. ಅವಳು ಎರಡು ಸೀರೆ ಮಡಚುವಷ್ಟರಲ್ಲಿ ಅಧ್ಯಕ್ಷೆ ಮರಳಿ ಬಂದರು. "ಎಲ್ಲಿಂದ ಹಸಿದು ಬಂದವರಿಗೂ ಮೊದಲು ಊಟ ಹಾಕಬೇಕು, ಆಮೇಲೆ ಹೆಸರು ಕೇಳಬೇಕು."

"ಈಗ ತಿಳೀತ್ರಿ."

ಪರದೆಯಲ್ಲಿ ನಲವತ್ತೊಂದು ದೇಶಗಳ ಸದಸ್ಯರು ಅವಳಿಗಾಗಿ ಎದ್ದು ನಿಂತರು. ಜೀವಮಾನವೆಲ್ಲ ನಿಂತೇ ದುಡಿದವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು.

"ಕುಂದರ್ರಿ, ಎಲ್ಲಾರೂ ಕುಂದರ್ರಿ" ಎಂದಳು. "ಕಾಲ್ ನೋಯ್ತಾವ."